ಮೂವರಿಗೂ ಒಂದೇ ಮಾತು ಸಾಲದು

 

ಇವತ್ತಿನ ಧ್ಯಾನಕ್ಕೆ ಒಂದನೆಯ ಥೆಸಲೊನೀಕ 5ನೇ ಅಧ್ಯಾಯ, 14ನೇ ವಚನ. ಬೈಬಲ್ಲೋ ಮೊಬೈಲೋ, ಯಾವುದಿದೆಯೋ ತೆರೆಯಿರಿ. ಪೌಲನು ಇಲ್ಲಿ ಮೂರು ತರದ ಜನರನ್ನು ನಮ್ಮ ಮುಂದೆ ನಿಲ್ಲಿಸುತ್ತಾನೆ. ಅಡ್ಡದಾರಿ ಹಿಡಿದವರು, ಮನಸ್ಸು ಕುಗ್ಗಿದವರು, ಬಲವಿಲ್ಲದವರು. ಮೊದಲನೆಯವರಿಗೆ ಬುದ್ಧಿ ಹೇಳಬೇಕು, ಎರಡನೆಯವರಿಗೆ ಧೈರ್ಯ ತುಂಬಬೇಕು, ಮೂರನೆಯವರಿಗೆ ಆಸರೆಯಾಗಬೇಕು. ತಾಳ್ಮೆ ಮಾತ್ರ ಎಲ್ಲರಿಗೂ ಬೇಕು. ಮೂವರಿಗೂ ಒಂದೇ ಮಾತು ಸಾಕು ಅಂತ ಪೌಲನು ಬರೆಯಲಿಲ್ಲ.

ಯಾಕೆ ಈ ವಚನ? ಚಾಮರಾಜಪುರಂ ಸುತ್ತಮುತ್ತ ಪಿಜಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರುವ ನಿಮ್ಮಲ್ಲಿ ಕೆಲವರು ಆರಾಧನೆ ಮುಗಿದ ಮೇಲೆ ಮೆಲ್ಲಗೆ ಬಂದು ಕೇಳ್ತೀರಿ: "ಪಾಸ್ಟರ್, ಕೌನ್ಸೆಲಿಂಗ್‌ಗೆ ಹೋದ್ರೆ ಅದು ಅವಿಶ್ವಾಸಾನಾ? ಮಾತ್ರೆ ತಗೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾನಾ?"

ಈ ಪ್ರಶ್ನೆ ಹೊಸದಲ್ಲ. 1925ರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ಎಂಬ ಪಾಸ್ಟರ್, ದೇವಶಾಸ್ತ್ರ ಓದುತ್ತಿದ್ದ ಹುಡುಗರನ್ನು ವುಸ್ಟರ್ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ವತಃ ರೋಗಿಯಾಗಿ ಅಂಥ ಆಸ್ಪತ್ರೆಯಲ್ಲಿ ಇದ್ದು ಬಂದವರು ಅವರು. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯನನ್ನೂ ಓದಲು ಕಲಿಯಿರಿ ಅನ್ನೋದು ಅವರ ಪಾಠ. ಮೊದಲು ಕೇಳಿಸಿಕೊಳ್ಳಿ, ಆಮೇಲೆ ಮಾತಾಡಿ.

1970ರಲ್ಲಿ ಇನ್ನೊಬ್ಬ ಅಮೆರಿಕನ್ ಪಾಸ್ಟರ್ ಜೇ ಆಡಮ್ಸ್ ಬೇರೆ ದಾರಿ ಹಿಡಿದರು. ಆಪ್ತಸಲಹೆಯನ್ನು ಮನಶ್ಶಾಸ್ತ್ರಜ್ಞರ ಕೈಗೆ ಕೊಟ್ಟು ಸಭೆ ಸುಮ್ಮನೆ ಕೂತುಬಿಟ್ಟಿದೆ, ವಾಕ್ಯ ಬಲ್ಲ ವಿಶ್ವಾಸಿಯೇ ಸಲಹೆ ಕೊಡಬಲ್ಲ ಅಂದರು. ದೇಹದ ಕಾಯಿಲೆಯಿಂದ ಬರುವ ತೊಂದರೆ ಬೇರೆ ಅಂತ ಅವರೂ ಒಪ್ಪಿದರು. ಮಿಕ್ಕ ಬಹುಪಾಲು ತೊಂದರೆಗಳ ಬೇರು ಪಾಪದಲ್ಲಿದೆ, ಆದ್ದರಿಂದ ಮುಖಾಮುಖಿ ಬುದ್ಧಿ ಹೇಳಬೇಕು ಅನ್ನೋದು ಅವರ ವಾದ. ನಮ್ಮಂಥ ಸಭೆಗಳಿಗೆ ಈ ಮಾತು ಬಹಳ ಹಿಡಿಸುತ್ತೆ.

ಅದರಲ್ಲಿ ಸತ್ಯವಿಲ್ಲ ಅಂತ ನಾನು ಹೇಳಲ್ಲ. ಪಾಪವನ್ನು ಪಾಪ ಅನ್ನಲೇಬೇಕು. ಆನ್‌ಲೈನ್ ರಮ್ಮಿಯಲ್ಲಿ ಅಪ್ಪನ ದುಡ್ಡು ಕಳೆಯುತ್ತಿರುವ ತಮ್ಮನಿಗೆ "ಪರವಾಗಿಲ್ಲ ಬಿಡು" ಅನ್ನೋದು ಪ್ರೀತಿ ಅಲ್ಲ. ಆಡಮ್ಸ್ ತಮ್ಮ ವಿಧಾನಕ್ಕೆ ಹೆಸರಿಟ್ಟದ್ದೇ 'ನೌಥೆಟೇಯೊ' ಎಂಬ ಗ್ರೀಕ್ ಪದದಿಂದ. ಬುದ್ಧಿ ಹೇಳು, ಎಚ್ಚರಿಸು ಅಂತ ಅದರ ಅರ್ಥ. ನಮ್ಮ ವಚನದಲ್ಲೂ ಆ ಪದ ಇದೆ. ಆದರೆ ಪೌಲನು ಅದನ್ನು ಮೂವರಲ್ಲಿ ಒಬ್ಬರಿಗೆ ಮಾತ್ರ ಬಳಸಿದ್ದಾನೆ. ಉಳಿದ ಇಬ್ಬರಿಗೆ ಬೇರೆ ಪದಗಳಿವೆ.

ದೇವಜನರೇ, ನನ್ನ ಭಾರ ಇದು. ಮಾತು ಸರಿಯಾಗಿದ್ದು, ಅದು ತಲುಪುವ ಮನೆ ತಪ್ಪಾಗಬಹುದು. ರಾತ್ರಿಯೆಲ್ಲ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸಿದ ತಂಗಿಗೆ "ನಿನ್ನಲ್ಲಿ ಏನೋ ಪಾಪ ಇದೆ, ಉಪವಾಸ ಮಾಡು" ಅಂತ ಹೇಳಲಾಗುತ್ತೆ. ಹೆಂಡತಿಗೆ ಹೊಡೆಯುವ ಗಂಡನಿಗೆ "ಪಾಪ, ಅವನಿಗೂ ಟೆನ್ಶನ್" ಅಂತ ಸಮಾಧಾನ ಸಿಗುತ್ತೆ. ಪೆಟ್ಟು ತಿಂದ ಆ ಅಕ್ಕನಿಗೆ "ವಿಧೇಯಳಾಗಿರು, ಕ್ಷಮಿಸಿಬಿಡು" ಅನ್ನುವ ಬುದ್ಧಿವಾದ. ನೋಡಿ, ವಚನ ತಲೆಕೆಳಗಾಯ್ತು! ಕುಗ್ಗಿದವಳಿಗೆ ಎಚ್ಚರಿಕೆ, ಅಡ್ಡದಾರಿ ಹಿಡಿದವನಿಗೆ ಧೈರ್ಯ, ಬಲವಿಲ್ಲದವಳಿಗೆ ಇನ್ನೊಂದು ಹೊರೆ.

ಯೋಬನ ಸ್ನೇಹಿತರನ್ನು ನೆನಪು ಮಾಡಿಕೊಳ್ಳಿ. ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಕೊಟ್ಟ ಒಳ್ಳೆಯ ಸಲಹೆ ಅದೊಂದೇ. ಬಾಯಿ ತೆರೆದ ಮೇಲೆ, ನೊಂದವನನ್ನು ತಪ್ಪಿತಸ್ಥ ಮಾಡಿದರು. ಅವರು ಹೇಳಿದ್ದರಲ್ಲಿ ಎಷ್ಟೋ ಮಾತು ಪ್ರಸಂಗದಲ್ಲಿ ಹೇಳಿದರೆ ನಾವೂ ಆಮೆನ್ ಅಂತೀವಿ. ಆದರೂ 42ನೇ ಅಧ್ಯಾಯದಲ್ಲಿ ದೇವರ ಕೋಪ ಉರಿದದ್ದು ಯೋಬನ ಮೇಲಲ್ಲ, ಸಲಹೆ ಕೊಟ್ಟವರ ಮೇಲೆ. ಸಲಹೆ ಕೊಡುವ ನಮಗೆಲ್ಲ ಇದು ಭಯ ಹುಟ್ಟಿಸಬೇಕು.

ಎಲೀಯನು ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವರು ಏನು ಮಾಡಿದನು? ದೂತನು ಬಂದು ತಟ್ಟಿ ಎಬ್ಬಿಸಿದ. ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಇನ್ನೊಂದು ಸಲ ಊಟ ಕೊಟ್ಟ. "ಇಲ್ಲೇನು ಮಾಡ್ತಿದ್ದೀಯ" ಅನ್ನುವ ಪ್ರಶ್ನೆ ಬಂದದ್ದು ನಲವತ್ತು ದಿನದ ದಾರಿ ಕಳೆದು ಹೋರೇಬಿಗೆ ಬಂದ ಮೇಲೆ. ನಿದ್ದೆ, ಊಟ, ಜೊತೆಗೊಬ್ಬರು: ದೇವರೇ ಕೊಟ್ಟದ್ದನ್ನು ನಾವು ಅವಿಶ್ವಾಸ ಅನ್ನಬಹುದಾ?

ವೈದ್ಯರ ವಿಷಯವೂ ಹಾಗೇ. ಪೌಲನ ಜೊತೆಗಾರ ಲೂಕನು ವೈದ್ಯ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ 1906ರಲ್ಲಿ ಆರಂಭವಾಯ್ತು. ಪ್ರಾರ್ಥನೆ ಮಾಡುವವರೇ ಅದನ್ನು ಕಟ್ಟಿದರು, ಔಷಧಿಯನ್ನೂ ಕೊಟ್ಟರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜೊತೆ ಮನೆಯವರೂ ಉಳಿದುಕೊಳ್ಳುವ ಪದ್ಧತಿ ಇದೆ. ಆಸರೆಯಾಗಿರಿ ಅನ್ನುವ ಪೌಲನ ಮಾತು ಕಟ್ಟಡದ ರೂಪ ತಾಳಿದರೆ ಹೀಗಿರುತ್ತೆ. ನಮ್ಮ ದೇವರು ಸ್ವಸ್ಥಮಾಡುವ ದೇವರು, ಅದನ್ನು ನಾನು ನಂಬ್ತೀನಿ, ಕೈಯಿಟ್ಟು ಪ್ರಾರ್ಥಿಸ್ತೀನಿ. ಆದರೆ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸು ಅಂತ ಯಾರಿಗೂ ಹೇಳಲ್ಲ. ನೀವೂ ಹೇಳಬೇಡಿ.

ಹಾಗಾದರೆ ಎದುರಿಗಿರುವವರು ಈ ಮೂವರಲ್ಲಿ ಯಾರು ಅಂತ ತಿಳಿಯೋದು ಹೇಗೆ? ಇಲ್ಲೇ ನಮಗೆ ಪವಿತ್ರಾತ್ಮನು ಬೇಕು. ಯೋಹಾನನು ಅವನನ್ನು 'ಪರಕ್ಲೇತೋಸ್' ಅನ್ನುತ್ತಾನೆ, ಸಹಾಯಕ್ಕೆ ಪಕ್ಕಕ್ಕೆ ಕರೆಸಿಕೊಂಡವನು. ಅನ್ಯಭಾಷೆಯ ವರ ಬೇಡುವ ನಾವು ಕೇಳುವ ಕಿವಿಯನ್ನೂ ಬೇಡೋಣ. ವಿವೇಚನೆ ಅಂದರೆ ನೋಡಿದ ಕೂಡಲೇ ತೀರ್ಪು ಕೊಡುವ ಶಕ್ತಿ ಅಲ್ಲ. ಕೇಳುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಇರುವುದೂ ಆತ್ಮನ ಕೆಲಸವೇ.

ಈ ವಾರ ಮೂರು ಕೆಲಸ ಮಾಡಿ. ಯಾರಾದರೂ ನಿಮ್ಮ ಹತ್ತಿರ ಮನಸ್ಸು ಬಿಚ್ಚಿದರೆ, ಅವರನ್ನು ಕೇಳದೆ ಅದನ್ನು 'ಪ್ರಾರ್ಥನಾ ವಿಷಯ' ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಸಾಯುವ ಮಾತಾಡಿದರೆ ಮಾತ್ರ ಗುಟ್ಟು ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ತುರ್ತು ಇದ್ದರೆ 112. ಮನೆಯಲ್ಲಿ ಪೆಟ್ಟು ತಿನ್ನುತ್ತಿರುವವರಿಗೆ ಮೊದಲು ಸುರಕ್ಷಿತ ಜಾಗ ಹುಡುಕಿಕೊಡಿ, ಮಹಿಳಾ ಸಹಾಯವಾಣಿ 181 ಇದೆ. ಕ್ಷಮೆಯ ಮಾತು ಆಮೇಲೆ, ಅವಳೇ ಎತ್ತಿದಾಗ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನ್ನ ಮಾತನ್ನು ಸರಿಯಾದ ಮನೆಗೆ ತಲುಪಿಸುವವರನ್ನಾಗಿ ನಮ್ಮನ್ನು ಮಾಡು. ಈ ಹೊತ್ತಿನಲ್ಲಿ ಒಬ್ಬರೇ ರೂಮಿನಲ್ಲಿ ಕೂತು ಇದನ್ನು ಓದುತ್ತಿರುವವರ ಪಕ್ಕದಲ್ಲಿ ನೀನಿರು, ನಮ್ಮಲ್ಲಿ ಒಬ್ಬರನ್ನು ಅವರ ಬಳಿಗೆ ಕಳುಹಿಸು. ಯೇಸುವಿನ ನಾಮದಲ್ಲಿ, ಆಮೆನ್.