ಹತ್ತು ಎಂಜಿನ್, ಒಂದೇ ಗಂಟಲು

ಬಣ್ಣ ಚೆನ್ನಾಗಿದೆ. ಚಕ್ರ ತಿರುಗುತ್ತಿದೆ, ಹೊಗೆಯೂ ಏಳುತ್ತಿದೆ. ಸದ್ದು ಮಾತ್ರ ಇಲ್ಲ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಹವ್ಯಾಸ ಹಚ್ಚಿಕೊಂಡವರಿಗೆ ಈ ಮೂಕ ಎಂಜಿನ್ ಚಿರಪರಿಚಿತ. ರಾತ್ರಿ ಊಟ ಮುಗಿಸಿ, ಹೊಸ ಲೋಕೋ ಇಳಿಸಿಕೊಂಡು, ಜಿಪ್ ಬಿಚ್ಚಿ, ಫೋಲ್ಡರಿಗೆ ಹಾಕಿ, ವೇಗದ ಹಿಡಿಕೆಯನ್ನು ಮೊದಲ ನಾಚ್‌ಗೆ ಏರಿಸಿದರೆ ಮೂರು ಸಾವಿರ ಅಶ್ವಶಕ್ತಿಯ ಯಂತ್ರ ತುಟಿಪಿಟಕ್ಕೆನ್ನದೆ ಪ್ಲಾಟ್‌ಫಾರ್ಮ್ ಬಿಡುತ್ತದೆ.

ಹೊರಗಿನವರಿಗೆ ಇದೆಲ್ಲ ಮಕ್ಕಳಾಟ. ಆದರೆ ಈ ಆಟದಲ್ಲಿ ಎದುರಾಳಿಯಿಲ್ಲ. ಕೆಂಪು ಸಿಗ್ನಲ್ ಎದುರು ಹತ್ತು ನಿಮಿಷ ಸುಮ್ಮನೆ ನಿಲ್ಲುವುದೂ ಆಟದ ಭಾಗವೇ. (ನಿಜವಾದ ರೈಲಿನಲ್ಲಿ ಕೂತಾಗ ಅದೇ ಹತ್ತು ನಿಮಿಷಕ್ಕೆ ಇಲಾಖೆಯನ್ನು ಬೈಯುವವರೂ ಇವರೇ.) ಇಷ್ಟು ತಾಳ್ಮೆಯಿಂದ ಕೂರುವವರಿಗೆ ಕಣ್ಣಿಗೆ ಕಾಣುವುದಕ್ಕಿಂತ ಕಿವಿಗೆ ಬೀಳುವುದು ಮುಖ್ಯ. ಚಿತ್ರ ಸ್ವಲ್ಪ ಒರಟಾಗಿದ್ದರೂ ನಡೆದೀತು, ಸದ್ದು ಸುಳ್ಳಾದರೆ ರೈಲೇ ಸುಳ್ಳು.

2001ರಲ್ಲಿ ಮೈಕ್ರೋಸಾಫ್ಟ್ ‘ಟ್ರೈನ್ ಸಿಮ್ಯುಲೇಟರ್’ ಎಂಬ ತಂತ್ರಾಂಶ ಬಿಡುಗಡೆ ಮಾಡಿತು. ಅದನ್ನು ಕಟ್ಟಿಕೊಟ್ಟದ್ದು ಬ್ರಿಟನ್ನಿನ ಕುಜು ಕಂಪನಿ. ಅದರೊಳಗೆ ಆರು ಮಾರ್ಗಗಳಿದ್ದವು: ಇಂಗ್ಲೆಂಡಿನದೊಂದು, ಆಸ್ಟ್ರಿಯಾದ್ದೊಂದು, ಅಮೆರಿಕದವೆರಡು, ಜಪಾನಿನವೆರಡು. ಭಾರತದ್ದು ಒಂದೂ ಇರಲಿಲ್ಲ. ಆದರೂ ನಮ್ಮ ಆಲ್ಕೋ ಡೀಸೆಲ್ ಎಂಜಿನ್‌ಗಳು, ಐಸಿಎಫ್ ಪ್ರಯಾಣಿಕ ಬೋಗಿಗಳು ಅದರೊಳಗೆ ಬಂದು ಸೇರಿಕೊಂಡವು. ತಂದವರು ಹವ್ಯಾಸಿಗಳು. ಎಂಜಿನ್ನಿನ ತೂಕವೆಷ್ಟು, ಶಕ್ತಿಯೆಷ್ಟು, ಬ್ರೇಕ್ ಹೇಗೆ ಹಿಡಿಯಬೇಕು, ಸದ್ದು ಎಲ್ಲಿಂದ ಬರಬೇಕು ಎಂದು ಹೇಳುವ ಫೈಲುಗಳೆಲ್ಲ ಬರಿಯ ಅಕ್ಷರದಲ್ಲಿದ್ದುದರಿಂದ ಇದು ಸಾಧ್ಯವಾಯಿತು. ನೋಟ್‌ಪ್ಯಾಡಿನಲ್ಲಿ ತೆರೆದು ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು. ಮೈಕ್ರೋಸಾಫ್ಟ್ ಮುಂದೆ ಎರಡನೆಯ ಆವೃತ್ತಿಗೆ ಕೈಹಾಕಿ 2009ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿತು. ಹಳೆಯದು ಸಾಯಲಿಲ್ಲ. ‘ಓಪನ್ ರೇಲ್ಸ್’ ಎಂಬ ಉಚಿತ, ಮುಕ್ತ ತಂತ್ರಾಂಶ ಅದೇ ಫೋಲ್ಡರುಗಳನ್ನು, ಅದೇ ಫೈಲುಗಳನ್ನು ಇಂದಿಗೂ ಓದುತ್ತದೆ. ಹಾಗಾಗಿ ಆಗ ಮಾಡಿಟ್ಟ ಎಂಜಿನ್‌ಗಳು ಈಗಲೂ ಓಡುತ್ತಿವೆ, ಆಗಿನ ಗೊಂದಲಗಳೂ ಜೊತೆಗೇ ಓಡುತ್ತಿವೆ.

ಎಂಜಿನ್ ಹಾಕುವ ಕೆಲಸದಲ್ಲಿ ಕಷ್ಟ ಕಡಿಮೆ, ಬೇಸರ ಬೇಕಾದಷ್ಟು. ‘ಟ್ರೈನ್ಸ್’ ಫೋಲ್ಡರಿನೊಳಗೆ ‘ಟ್ರೈನ್‌ಸೆಟ್’, ಅದರೊಳಗೆ ಪ್ರತಿ ಎಂಜಿನ್ನಿಗೂ ಅದರದೇ ಫೋಲ್ಡರ್. ಅಲ್ಲಿ ಆಕಾರದ ಫೈಲು, ಬಣ್ಣದ ಫೈಲು, ಎಂಜಿನ್ನಿನ ಜಾತಕವೆಲ್ಲ ಇರುವ ಡಾಟ್ ಇಎನ್‌ಜಿ ಫೈಲು. ಇಷ್ಟಾದರೂ ಎಂಜಿನ್ ಹಳಿಗೆ ಬರುವುದಿಲ್ಲ. ಯಾವ ಎಂಜಿನ್ನಿನ ಹಿಂದೆ ಯಾವ ಬೋಗಿ ಎಂಬ ಪಟ್ಟಿಯನ್ನು ‘ಕನ್ಸಿಸ್ಟ್ಸ್’ ಫೋಲ್ಡರಿನಲ್ಲಿ ಬೇರೆ ಇಡಬೇಕು. ಪಟ್ಟಿಯಲ್ಲಿರುವ ಹೆಸರಿಗೂ ಫೋಲ್ಡರಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಮುಗಿಯಿತು. ಇನ್ನು ಫೈಲನ್ನು ತಿದ್ದಿ ಉಳಿಸುವಾಗ ಯೂನಿಕೋಡ್ ಎಂದೇ ಉಳಿಸಬೇಕು, ಇಲ್ಲದಿದ್ದರೆ ಹಳೆಯ ಸಿಮ್ಯುಲೇಟರಿಗೆ ಅದು ಅರ್ಥವಾಗದು. ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ, ಅಲ್ಲಿಂದ ‘ಬರಹ’ ತಂತ್ರಾಂಶಕ್ಕೆ ಕನ್ನಡ ಅಕ್ಷರಗಳನ್ನು ಹೊತ್ತು ಅಲೆದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಸದ್ದಿನ ವ್ಯವಸ್ಥೆ ಇದಕ್ಕಿಂತ ಸೊಗಸಾದದ್ದು. ಅದಕ್ಕೆ ಡಾಟ್ ಎಸ್‌ಎಂಎಸ್ ಎಂಬ ಫೈಲಿದೆ. ಮೊಬೈಲಿನ ಸಂದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಫೈಲಿನಲ್ಲಿ ಸದ್ದಿಲ್ಲ, ಸದ್ದಿಗೆ ಕೊಟ್ಟ ಆಜ್ಞೆಗಳಿವೆ. ಹಾರ್ನ್ ಒತ್ತಿದಾಗ 8ನೇ ಸೂಚನೆ, ಬಿಟ್ಟಾಗ 9ನೇದು. ಡೀಸೆಲ್ ಎಂಜಿನ್ನಿನ ಸುತ್ತು ಹೆಚ್ಚಿದಂತೆ ಇಂಥ ವೇವ್ ಫೈಲಿನ ಶ್ರುತಿ ಇಷ್ಟು ಏರಲಿ, ಗಟ್ಟಿತನ ಇಷ್ಟು ಹೆಚ್ಚಲಿ ಎಂದು ಗ್ರಾಫಿನ ಬಿಂದುಗಳಂತೆ ಸಂಖ್ಯೆಗಳ ಸಾಲು. ಪ್ರತಿ ಎಂಜಿನ್ನಿಗೂ ಇಂಥ ಫೈಲು ಎರಡು: ಕ್ಯಾಬಿನೊಳಗೆ ಕೂತವರ ಕಿವಿಗೊಂದು, ಹಳಿ ಪಕ್ಕ ನಿಂತವರ ಕಿವಿಗೊಂದು. ಯಾರೋ ಒಬ್ಬರು ಯಾವುದೋ ಸ್ಟೇಷನ್ನಿನಲ್ಲಿ ಮೈಕು ಹಿಡಿದು ನಿಂತು ತುಂಬಿಕೊಂಡ ಕೆಲವು ಸೆಕೆಂಡಿನ ಸದ್ದು, ತುದಿಗೆ ತುದಿ ಕೂಡಿ ಸುತ್ತುತ್ತಾ, ಏರುತ್ತಾ ಇಳಿಯುತ್ತಾ ಗಂಟೆಗಟ್ಟಲೆ ಘಾಟಿ ಹತ್ತುತ್ತದೆ. ಜೋಡಣೆ ಸರಿಯಿಲ್ಲದಿದ್ದರೆ ಪ್ರತಿ ಸುತ್ತಿಗೂ ‘ಟಕ್’ ಎಂದು ಕೇಳಿ ತಲೆ ಚಿಟ್ಟುಹಿಡಿಯುತ್ತದೆ.

ಪ್ರತಿ ಎಂಜಿನ್ನಿನ ಜೊತೆಗೂ ಅದರ ಸದ್ದನ್ನು ಕಟ್ಟಿ ಕಳಿಸಿಬಿಟ್ಟರೆ ತಕರಾರೇ ಇರುತ್ತಿರಲಿಲ್ಲ. ಆದರೆ ಆ ದಿನಗಳ ಇಂಟರ್‌ನೆಟ್ ಫೋನ್ ಲೈನಿನದು. 56 ಕಿಲೋಬಿಟ್ ಮೋಡೆಮ್ ತನ್ನ ಪೂರ್ತಿ ವೇಗದಲ್ಲೇ ಓಡಿದರೂ (ನಮ್ಮೂರುಗಳಲ್ಲಿ ಯಾವತ್ತು ಓಡಿತ್ತು?) 10 ಎಂಬಿ ಇಳಿಯಲು 24 ನಿಮಿಷ. ಸಿ.ಡಿ. ಗುಣಮಟ್ಟದ ವೇವ್ ಫೈಲು, ಒಂದೇ ಚಾನೆಲ್ಲಿನದಾದರೂ, ನಿಮಿಷಕ್ಕೆ 5 ಎಂಬಿ ನುಂಗುತ್ತದೆ. ಎಂಜಿನ್ನಿಗಿಂತ ಅದರ ಕೂಗೇ ಭಾರ. ಅದಕ್ಕೇ ಮಾಡುವವರು ಎರಡು ದಾರಿ ಹಿಡಿದರು. ಸಿಮ್ಯುಲೇಟರಿನ ಜೊತೆಗೇ ಬಂದಿದ್ದ ಎಂಜಿನ್ನುಗಳಿಂದ ಸದ್ದು ಎರವಲು ಪಡೆಯುವುದು ಒಂದು. ಅಮೆರಿಕದ ಮೊಂಟಾನಾ ಮಾರ್ಗದ ಡ್ಯಾಶ್ 9 ಎಂಜಿನ್ ಎಲ್ಲರ ಕಂಪ್ಯೂಟರಿನಲ್ಲೂ ಇದ್ದೇ ಇತ್ತು. ಅದರ ಸೌಂಡ್ ಫೋಲ್ಡರಿನ ದಾರಿ ಬರೆದುಬಿಟ್ಟರೆ ಒಂದು ಬೈಟೂ ಹೆಚ್ಚು ಕಳಿಸಬೇಕಿಲ್ಲ. ಹೀಗೆ ಬೇರೆ ಬೇರೆ ದೇಶದ ಎಂಜಿನ್‌ಗಳು ಆ ಒಂದು ಎಂಜಿನ್ನಿನ ಗಂಟಲಲ್ಲಿ ಹಾಡಿದವು. ಇನ್ನೊಂದು ದಾರಿ, ‘ಕಾಮನ್ ಸೌಂಡ್’ ಎಂಬಂಥ ಹೆಸರಿನ ಫೋಲ್ಡರೊಂದನ್ನು ಎಲ್ಲ ಎಂಜಿನ್ನುಗಳ ಪಕ್ಕದಲ್ಲೇ ಇಟ್ಟು, ಸದ್ದುಗಳನ್ನೆಲ್ಲ ಅಲ್ಲಿ ಸುರಿದು, ಪ್ರತಿ ಎಂಜಿನ್ನಿನ ಫೈಲಿನಲ್ಲೂ ಅದರತ್ತ ಕೈತೋರಿಸುವುದು. ಹಾಗೆ ಕೈತೋರಿಸುವ ಸಾಲಿನಲ್ಲಿ ಎರಡೆರಡು ಚುಕ್ಕಿ, ನಡುವೆ ಓರೆಗೆರೆ. ಎರಡು ಚುಕ್ಕಿ ಎಂದರೆ ಒಂದು ಫೋಲ್ಡರ್ ಹಿಂದಕ್ಕೆ ಹೋಗು ಎಂದು. ಎರಡು ಸಲ ಹಿಂದಕ್ಕೆ ಹೋಗಿ, ಪಕ್ಕದ ಫೋಲ್ಡರ್ ಹೊಕ್ಕು, ಅಲ್ಲಿರುವ ಸದ್ದನ್ನು ತಾ. ಅಷ್ಟೇ.

ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಕನಿಷ್ಠ ಎಲ್ಲ ಸಲವೂ ಅಲ್ಲ. ನಿಜವಾದ ಹಳಿಯ ಮೇಲೂ ಎಂಜಿನ್‌ಗಳು ಗಂಟಲನ್ನು ಹಂಚಿಕೊಂಡಿವೆಯಲ್ಲ. 1960ರ ದಶಕದಿಂದ ದೇಶದ ಎಷ್ಟೋ ಎಕ್ಸ್‌ಪ್ರೆಸ್, ಗೂಡ್ಸ್ ಗಾಡಿಗಳನ್ನು ಎಳೆದ ಡಬ್ಲ್ಯುಡಿಎಂ-2 ಎಂಜಿನ್ನಿನ ಹೊಟ್ಟೆಯಲ್ಲಿದ್ದದ್ದು 16 ಸಿಲಿಂಡರಿನ ಆಲ್ಕೋ 251. ಅದೇ ವಂಶದ ಡಬ್ಲ್ಯುಡಿಎಂ-3ಎ, ಗೂಡ್ಸ್ ಎಳೆಯುವ ಡಬ್ಲ್ಯುಡಿಜಿ-3ಎ, ಇವುಗಳ ಹೊಟ್ಟೆಯಲ್ಲೂ ಅದೇ. ಅಶ್ವಶಕ್ತಿ 2,600ರಿಂದ 3,100ಕ್ಕೆ ಏರಿದರೂ ಮೂಲ ಧ್ವನಿ ಒಂದೇ ಮನೆತನದ್ದು. ಈ ಮೂರಕ್ಕೂ ಒಂದೇ ಸೌಂಡ್ ಫೋಲ್ಡರ್ ಕೊಟ್ಟರೆ ಅದು ಉಳಿತಾಯವೂ ಹೌದು, ಸತ್ಯಕ್ಕೆ ಹತ್ತಿರವೂ ಹೌದು.

ಹುಬ್ಬಳ್ಳಿಯವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತು. ಇಎಂಡಿ ಕಂಪನಿಯ ಮೊದಲ ಡಬ್ಲ್ಯುಡಿಪಿ-4 ಎಂಜಿನ್‌ಗಳು 2001ರಲ್ಲಿ ವಿದೇಶದಿಂದ ಬಂದು ನೆಲೆಗೊಂಡದ್ದು ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ. ಅವುಗಳ ಗೂಡ್ಸ್ ಸೋದರ ಡಬ್ಲ್ಯುಡಿಜಿ-4 ಅದಕ್ಕೂ ಮೊದಲೇ ಬಂದಿತ್ತು. 4,000 ಅಶ್ವಶಕ್ತಿ, ಇದೂ 16 ಸಿಲಿಂಡರೇ. ಆದರೆ ಆಲ್ಕೋ ನಾಲ್ಕು ಸ್ಟ್ರೋಕಿನದು, ಇಎಂಡಿ ಎರಡು ಸ್ಟ್ರೋಕಿನದು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 1,000 ಸುತ್ತಿನಲ್ಲಿ ಆಲ್ಕೋ ಒಳಗೆ ಸೆಕೆಂಡಿಗೆ ಸುಮಾರು 133 ಸಲ ಇಂಧನ ಸಿಡಿಯುತ್ತದೆ. ಇಎಂಡಿ ಒಳಗೆ 900 ಸುತ್ತಿಗೇ 240 ಸಲ. ಅದಕ್ಕೇ ಆಲ್ಕೋ ನಿಂತಲ್ಲೇ ‘ಡಗಡಗ’ ಎನ್ನುತ್ತದೆ, ಇಎಂಡಿ ‘ಗುಂಯ್’ ಎಂದು ಒಂದೇ ಎಳೆಯಲ್ಲಿ ಮೊರೆಯುತ್ತದೆ. ಸ್ಟೇಷನ್ ಪಕ್ಕ ಮನೆ ಮಾಡಿದವರು ಹಾಸಿಗೆ ಬಿಟ್ಟೇಳದೆ ಯಾವುದು ಬಂತು ಎಂದು ಹೇಳಿಯಾರು. ಡಬ್ಲ್ಯುಡಿಪಿ-4ಕ್ಕೆ ಆಲ್ಕೋ ಸದ್ದು ಅಂಟಿಸಿದ ಸಿಮ್ಯುಲೇಟರ್ ಎಂಜಿನ್ ಎಷ್ಟೇ ಸುಂದರವಾಗಿರಲಿ, ಆ ಕಿವಿಗಳಿಗೆ ಅದು ವೇಷ.

ಇದಕ್ಕಿಂತ ನವಿರಾದ ತಪ್ಪೊಂದಿದೆ. ಮೀಟರ್ ಗೇಜ್ ಕಾಲದಲ್ಲಿ ಸಕಲೇಶಪುರದ ಕೆಳಗೆ, ಐವತ್ತು ಅಡಿಗೆ ಒಂದಡಿ ಏರುವ ಘಾಟಿಯಲ್ಲಿ ದುಡಿದ ವೈಡಿಎಂ-4 ಕೂಡ ಆಲ್ಕೋ 251ರ ಕುಟುಂಬದ್ದೇ. ಹೆಸರು ನೋಡಿ ‘ಎಲ್ಲ ಆಲ್ಕೋ ತಾನೇ’ ಎಂದು ಅದೇ ಕಾಮನ್ ಫೋಲ್ಡರಿನತ್ತ ಕೈತೋರಿಸುವುದು ಸುಲಭ. ಆದರೆ ಅದರಲ್ಲಿರುವುದು ಆರೇ ಸಿಲಿಂಡರ್, ಒಂದೇ ಸಾಲಿನಲ್ಲಿ. ಅದೇ ಸುತ್ತಿಗೆ ದೊಡ್ಡಣ್ಣನ ಅರ್ಧದಷ್ಟೂ ಬಡಿತವಿಲ್ಲ. ಬಿಡಿಬಿಡಿಯಾಗಿ, ಎಣಿಸಬಹುದೇನೋ ಎಂಬಂತೆ ಕೇಳಬೇಕಾದ ಅದರ ಸದ್ದಿಗೆ ಹದಿನಾರು ಸಿಲಿಂಡರಿನ ಅಬ್ಬರ ತೊಡಿಸಿದರೆ ಯಾರೂ ದೂರು ಕೊಡುವುದಿಲ್ಲ. ಆದರೆ ಆ ಎಂಜಿನ್ ಹೇಗಿತ್ತೆಂದು ಕೇಳಿಯೇ ಇರದ ಹುಡುಗನಿಗೆ ಅದೇ ನಿಜವಾಗಿ ಉಳಿದುಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಹಂಚಿಕೆಯ ಸದ್ದಿಗೆ ಬರುವ ದೊಡ್ಡ ಕುತ್ತು ಮಾತ್ರ ಬೇರೆಯದು. ಅದು ವಠಾರದ ಒಂದೇ ಬಾವಿಯ ಹಾಗೆ. ಒಬ್ಬರು ಮಾಡಿದ್ದು ಎಲ್ಲರ ಬಿಂದಿಗೆಗೂ ಬರುತ್ತದೆ. ಹೊಸ ಎಂಜಿನ್ನಿನ ಜಿಪ್ ಬಿಚ್ಚುವಾಗ ‘ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆ ಬರೆಯಲೇ?’ ಎಂದು ವಿಂಡೋಸ್ ಕೇಳುತ್ತದೆ. ನಾವು ಓದದೆಯೇ ‘ಹೌದು, ಎಲ್ಲಕ್ಕೂ’ ಒತ್ತುತ್ತೇವೆ. ಹೊಸ ಎಂಜಿನ್ ಸೊಗಸಾಗಿ ಕೂಗುತ್ತದೆ. ವಾರದ ಮೇಲೆ ಹಳೆಯದೊಂದನ್ನು ಹೊರಗೆ ತೆಗೆದರೆ ಅದರ ದನಿ ಒಡೆದಿದೆ. ಇಬ್ಬರು ಬೇರೆ ಬೇರೆ ಮಂದಿ, ಒಬ್ಬರನ್ನೊಬ್ಬರು ನೋಡಿಯೇ ಇಲ್ಲದವರು, ತಮ್ಮ ತಮ್ಮ ಹಾರ್ನ್ ಫೈಲಿಗೆ ‘ಹಾರ್ನ್ 1’ ಎಂದೇ ಹೆಸರಿಟ್ಟಿರುತ್ತಾರೆ. ಇಡದೆ ಇನ್ನೇನು ಇಟ್ಟಾರು? ಇನ್ನು ಕೆಲವರು ಅಚ್ಚುಕಟ್ಟಿನ ಹುಚ್ಚಿಗೆ ಕಾಮನ್ ಫೋಲ್ಡರಿನ ಹೆಸರನ್ನೇ ಬದಲಿಸಿ, ಒಂದೇ ಏಟಿಗೆ ಹತ್ತು ಎಂಜಿನ್‌ಗಳ ಬಾಯಿ ಕಟ್ಟಿಬಿಡುತ್ತಾರೆ.

ಆಸ್ಟ್ರೇಲಿಯಾದ ‘ಟ್ರೈನ್ಸ್’ ಸಿಮ್ಯುಲೇಟರಿನವರು (ಇದರ ಹೆಸರಿನ ಕೊನೆಯಲ್ಲಿ ಝಡ್) ಈ ಕಗ್ಗಂಟನ್ನು ಮೊದಲೇ ಊಹಿಸಿದಂತೆ, ಪ್ರತಿ ವಸ್ತುವಿಗೂ ಒಂದೊಂದು ಸಂಖ್ಯೆ ಕೊಟ್ಟರು. ಎಂಜಿನ್ನಿಗೊಂದು, ಅದರ ಸದ್ದಿಗೆ ಬೇರೆಯೇ ಇನ್ನೊಂದು, ಹಾರ್ನಿಗೆ ಮತ್ತೊಂದು. ಮಾಡಿದವರ ಗುರುತೂ ಆ ಸಂಖ್ಯೆಯೊಳಗೇ ಇರುವುದರಿಂದ ಒಂದು ಇನ್ನೊಂದನ್ನು ಅಳಿಸುವ ಮಾತಿಲ್ಲ, ಬೇಕಾದದ್ದು ಇಲ್ಲದಿದ್ದರೆ ಯಾವುದು ಇಲ್ಲವೆಂದು ತಂತ್ರಾಂಶವೇ ತಿಳಿಸುತ್ತದೆ. ಜಾಣತನದ ವ್ಯವಸ್ಥೆ, ಒಪ್ಪೋಣ. ಹಣ ಕೊಟ್ಟು ಕೊಳ್ಳುವ ಈಚಿನ ಸಿಮ್ಯುಲೇಟರುಗಳಲ್ಲಿ ಮತ್ತೊಂದು ರೀತಿ: ಹವ್ಯಾಸಿ ಒಬ್ಬರು ಬಣ್ಣ ಬದಲಿಸಿದ ಎಂಜಿನ್ ಉಚಿತವಾಗಿ ಸಿಗುತ್ತದೆ, ಆದರೆ ಅದರ ಸದ್ದು ಕಂಪನಿಯ ಸ್ವತ್ತು, ಕಟ್ಟಿ ಕೊಡುವಂತಿಲ್ಲ. ‘ಮೂಲ ಎಂಜಿನ್ ನಿಮ್ಮಲ್ಲಿರಬೇಕು’ ಎಂಬ ಸಾಲು ರೀಡ್‌ಮಿ ಫೈಲಿನಲ್ಲಿ ಇರುತ್ತದೆ, ಅದನ್ನು ಓದದವರಿಗೆ ಮೂಕ ಎಂಜಿನ್ ಸಿಗುತ್ತದೆ.

ಈ ರೀಡ್‌ಮಿಗಳ ಬಗ್ಗೆ ನನಗೊಂದು ಅಕ್ಕರೆ. ಅವುಗಳಲ್ಲಿ ಎಂಜಿನ್ ಮಾಡಿದವರು ಒಬ್ಬರು, ಬಣ್ಣ ಬಳಿದವರು ಇನ್ನೊಬ್ಬರು, ಸದ್ದು ತುಂಬಿಕೊಂಡವರು ಮತ್ತೊಬ್ಬರು ಎಂದು ವಂದನೆಗಳ ಸರಮಾಲೆಯಿರುತ್ತದೆ. ಕಾಗುಣಿತ ನೆಟ್ಟಗಿರುವುದಿಲ್ಲ, ಮರ್ಯಾದೆ ನೆಟ್ಟಗಿರುತ್ತದೆ. ಓದಲು ಎರಡು ನಿಮಿಷ ಸಾಕು. ಅದಕ್ಕೂ ಪುರಸೊತ್ತಿಲ್ಲದವರಿಗೆ ಓಪನ್ ರೇಲ್ಸ್ ಡೆಸ್ಕ್‌ಟಾಪಿನ ಮೇಲೆ ಒಂದು ಲಾಗ್ ಫೈಲು ಬರೆದಿಡುತ್ತದೆ. ಯಾವ ಸದ್ದು ಸಿಗಲಿಲ್ಲ, ಯಾವ ಫೋಲ್ಡರಿನಲ್ಲಿ ಹುಡುಕಿದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಹೊಸದನ್ನು ಹಾಕುವ ಮುಂಚೆ ಕಾಮನ್ ಫೋಲ್ಡರಿನ ಒಂದು ನಕಲು ತೆಗೆದಿಟ್ಟರೆ ಅರ್ಧ ತಲೆನೋವು ಅಲ್ಲಿಗೇ ಇಲ್ಲ.

ಮಾಡುವವರಲ್ಲಿ ಕೇಳಬೇಕಾದದ್ದೂ ಒಂದಿದೆ. ಎಂಜಿನ್ ಸದ್ದು ಹಂಚಿಕೊಳ್ಳಿ, ಬ್ರೇಕಿನ ಸದ್ದು ಹಂಚಿಕೊಳ್ಳಿ, ಚಕ್ರದ್ದೂ ಹಂಚಿಕೊಳ್ಳಿ. ಹಾರ್ನ್ ಮಾತ್ರ ಒಂದೊಂದಕ್ಕೆ ಒಂದೊಂದು ಇರಲಿ. ಒಂದೇ ಶೆಡ್ಡಿನ, ಒಂದೇ ಮಾದರಿಯ ಎರಡು ಎಂಜಿನ್‌ಗಳ ಹಾರ್ನ್ ಕೂಡ ನಮ್ಮಲ್ಲಿ ಒಂದೇ ಥರ ಕೂಗುವುದಿಲ್ಲ. ಒಂದು ಗೊಗ್ಗರು, ಒಂದು ಕೀರಲು. ಇದಕ್ಕಾಗಿ ಹೊಸ ಫೋಲ್ಡರೇನೂ ಬೇಡ. ಆ ಎಂಜಿನ್ನಿನ ಎರಡೂ ಎಸ್‌ಎಂಎಸ್ ಫೈಲುಗಳಲ್ಲಿ 8ನೇ ಸೂಚನೆಯ ಕೆಳಗಿರುವ ಆ ಒಂದು ಹೆಸರನ್ನು ಬದಲಿಸಿ, ಯೂನಿಕೋಡ್ ಎಂದು ಉಳಿಸಿದರೆ ಆಯಿತು.