ಬೆಲೆ ಬಲ್ಲವನ ಮೌನ

ಹರಪನಹಳ್ಳಿ, ಕೊಟ್ಟೂರು, ಹಡಗಲಿಯ ಕಡೆ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಎರಡು ಮುಖದ ಗೋಡೆ ಗಡಿಯಾರವಿದೆ ಎಂದಿಟ್ಟುಕೊಳ್ಳೋಣ. ಮೇಲಿನ ಮುಖ ಗಂಟೆಯನ್ನೂ ಕೆಳಗಿನದು ತಿಂಗಳು, ವಾರ, ತಾರೀಖುಗಳನ್ನೂ ತೋರಿಸುತ್ತದೆ. ಹೋರ್ಟನ್ ಎಂಬಾತ 1865ರಲ್ಲಿ ಪಡೆದ ಪೇಟೆಂಟಿನಂತೆ, ಅಮೆರಿಕದ ಇಥಾಕಾ ನಗರದಲ್ಲಿ 1868ರಲ್ಲಿ ಆರಂಭವಾದ ಕಂಪನಿಯು ಇಂತಹವನ್ನು ತಯಾರಿಸಿತು. ಮನೆಯವರ ಕಣ್ಣಿಗೆ ಅದು ಕೇವಲ ನಿಂತುಹೋದ ಗಡಿಯಾರ. ಕೊಳ್ಳಲು ಬಂದವನಾದರೋ ಮರ್ಮಜ್ಞ. "ನೀವೇ ಒಂದು ಬೆಲೆ ಹೇಳಿರಿ" ಎಂದು ಯಜಮಾನರು ಅವನಿಗೇ ಬಿಡುತ್ತಾರೆ. ಅವನು ಎಷ್ಟು ಹೇಳಬೇಕು?

ಇದರ ಬೆಲೆ ಹಳತೆಂಬುದರಿಂದಲೇ ನಿಶ್ಚಯವಾಗದು. ಸಾಧಾರಣ ಕ್ಯಾಲೆಂಡರ್ ಗಡಿಯಾರದಲ್ಲಿ ಮುಳ್ಳು 31ರವರೆಗೆ ಓಡುತ್ತಲೇ ಇರುತ್ತದೆ. ಚಿಕ್ಕ ತಿಂಗಳುಗಳ ಕೊನೆಗೆ ಕೈಯಿಂದ ತಿದ್ದಬೇಕು. ಫೆಬ್ರವರಿ 28ರ ಮರುದಿನ ತಾನಾಗಿ 1ಕ್ಕೆ ಹಾರಿ, ಅಧಿಕ ವರ್ಷದಲ್ಲಿ 29ನ್ನೂ ತೋರಿಸುವ ಯಂತ್ರವೇ ಸಂಗ್ರಾಹಕರಿಗೆ ಪ್ರಿಯ. ಮುಖಫಲಕ ಮೂಲದ್ದೇ, ಮರುಬಣ್ಣದ್ದೇ, ತಯಾರಕರ ಚೀಟಿ ಉಳಿದಿದೆಯೇ, ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂಡಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. ಕೂಡಿಸಿದ್ದನ್ನು ಅಸಲೆಂದು ಮಾರುವುದು ಪ್ರತಿರೂಪಕ ವ್ಯವಹಾರವೇ ಸರಿ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ.

ಕೊಳ್ಳುವವನ ಮೌನವೇ ಕಠಿಣ ಪ್ರಶ್ನೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಬರಿಯ ಮೌನವನ್ನು ಸಾಮಾನ್ಯವಾಗಿ ವಂಚನೆಯೆನ್ನುವುದಿಲ್ಲ. ಧಾರಣೆ ಬದಲಾದ ಸುದ್ದಿ ಬಲ್ಲ ವರ್ತಕನು ಎದುರಿನ ವರ್ತಕನಿಗೆ ಅದನ್ನು ತಿಳಿಸಬೇಕಿಲ್ಲವೆಂಬ ನಿದರ್ಶನವೂ ಅಲ್ಲಿದೆ. ಆದರೆ ಅದು ವರ್ತಕ ವರ್ತಕರ ಮಾತು. ನಮ್ಮ ಯಜಮಾನರು ವರ್ತಕರಲ್ಲ, ನಂಬಿ ಕೇಳಿದವರು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು ಗಂಗ ದುರ್ವಿನೀತನು ಕಟ್ಟಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. ಆ ದೊರೆಗೆ ಗುರುವೆಂದು ಸಂಪ್ರದಾಯ ಸ್ಮರಿಸುವ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸಿದ್ದಾರೆ. ಹೊನ್ನನ್ನು ಒತ್ತೆಯಿಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು "ಹೌದು, ಅಷ್ಟೇ" ಎಂದುಬಿಡುವುದು ಆ ದೋಷ. ಇದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸದೆ ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಗಮನಾರ್ಹ. ಪರರ ಅರಿಯದಿಕೆಗೆ ತಲೆದೂಗುವುದೇ ಅಸತ್ಯವಾಯಿತು. ಗಡಿಯಾರ ಒತ್ತೆಯ ಹೊನ್ನಲ್ಲ ನಿಜ. ಆದರೂ ಬೆಲೆ ಕುದುರುವವರೆಗೆ ಅದು ಮನೆಯವರದೇ.

"ಮೂವತ್ತು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ನನ್ನ ಬಂಡವಾಳವಲ್ಲವೇ?" ಎಂದು ವ್ಯಾಪಾರಿ ಕೇಳಬಹುದು. ಹಗುರವಾದ ಆಕ್ಷೇಪವಲ್ಲ. ದುರಸ್ತಿಯ ಖರ್ಚು, ಗಿರಾಕಿಗಾಗಿ ಕಾಯುವ ಕಾಲ, ನಷ್ಟದ ಭಯ, ಇವೆಲ್ಲಕ್ಕೂ ಲಾಭ ನ್ಯಾಯವೇ. ವಿದ್ಯೆಗೆ ಶುಲ್ಕವನ್ನೂ ಬಾಯಿಬಿಟ್ಟು ಕೇಳಲಿ. ಬೆಲೆ ಕಟ್ಟುವವನೂ ಕೊಳ್ಳುವವನೂ ಒಬ್ಬನೇ ಆದಲ್ಲಿ ಮಾತ್ರ, ಅಸಲಿ ಮೌಲ್ಯವನ್ನು ಹೇಳಿ, ತನ್ನ ಲಾಭವನ್ನು ಅದರಿಂದ ಎದುರಿಗೇ ಕಳೆಯಬೇಕು.

ಮನೆಯವರೂ ವಿದೇಶದ ಹರಾಜಿನ ಬೆಲೆಯನ್ನೇ ಹಿಡಿದು ಕೂರಬಾರದು. ಐತಿಹಾಸಿಕ ಮಹತ್ವವುಳ್ಳ ನೂರು ವರ್ಷದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಪ್ರಾಚ್ಯವಸ್ತು ಕಾಯಿದೆ ನಿಷೇಧಿಸಿದೆ. ಇನ್ನು ಬಸದಿಗೆ ದಾನವಾಗಿ ಬಂದ ಗಡಿಯಾರವಿದ್ದರೆ, ಟ್ರಸ್ಟಿನವರು ಅದನ್ನು ದಾಸ್ತಾನು ಪುಸ್ತಕದಲ್ಲಿ ಭಾವಚಿತ್ರ ಸಹಿತ ದಾಖಲಿಸಲಿ. ಕೊಳ್ಳುವ ಇರಾದೆಯಿಲ್ಲದ ಇಬ್ಬರಿಂದ ಲಿಖಿತವಾಗಿ ಬೆಲೆ ಪಡೆದ ಬಳಿಕವೇ ಮಾರಾಟದ ವಿಷಯವನ್ನು ಸಭೆಯ ಮುಂದಿಡಲಿ.