ಶರಣರ ಗುಣವನ್ನು ಮರಣದಲ್ಲಿ ನೋಡು

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆ ಐನಾಪುರ, ಕಾಗವಾಡ, ಅಥಣಿ ಕಡೆ ಮಣ್ಣಿಗೆ ಬಂದವರ ಬಾಯಲ್ಲಿ ತಪ್ಪದೆ ಬರುತ್ತದೆ. ಈಚೆಗೆ ಊರ ಅಗಸಿಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್‌ಗಳು ನಿಲ್ಲತೊಡಗಿದ ಮೇಲೆ ಗಾದೆಗೆ ಹೊಸ ಅರ್ಥವೊಂದು ಅಂಟಿಕೊಳ್ಳುತ್ತಿದೆ: ಫ್ಲೆಕ್ಸ್ ದೊಡ್ಡದಾದಷ್ಟೂ ಹೋದವನು ದೊಡ್ಡವನು. ಈ ಅರ್ಥ ನಿಲ್ಲುವುದಿಲ್ಲ. ವಾರ ಕಳೆಯುವುದರೊಳಗೆ ಅದೇ ಚೌಕಟ್ಟಿಗೆ ಬೇರೊಬ್ಬರ ಹುಟ್ಟುಹಬ್ಬದ ಚಿತ್ರ ಬಂದಿರುತ್ತದೆ.

ಹಳೆಯ ಅರ್ಥಗಳು ಎರಡು. ನರಳದೆ, ಯಾರಿಗೂ ಭಾರವಾಗದೆ ಹೋದವನೇ ಶರಣ ಎಂಬುದು ಒಂದು. ಬೇನೆಯಲ್ಲಿ ಬೆಂದು ಹೋದ ಸಜ್ಜನರು ಪ್ರತಿ ಊರಿನಲ್ಲೂ ಇರುವಾಗ ಇದನ್ನು ಒಪ್ಪುವುದು ಅವರಿಗೆ ಮಾಡುವ ಅನ್ಯಾಯ. ಮಣ್ಣಿಗೆ ಸೇರಿದ ಜನರನ್ನು ಲೆಕ್ಕ ಹಿಡಿಯುವುದು ಇನ್ನೊಂದು. ಜನ ಮುಲಾಜಿಗೂ ಸೇರುತ್ತಾರೆ. ಗಾದೆಗೆ ಸರಿಹೊಂದುವ ಅರ್ಥ ಬೇರೆಯೇ ಇದೆ: ಹೋದವನು ಯಾವುದನ್ನು ಪ್ರೀತಿಸಿದ್ದನೋ ಅದನ್ನು ಉಳಿದವರು ಅವನಿಲ್ಲದೆಯೂ ನಡೆಸುತ್ತಿದ್ದಾರೆಯೇ ಎಂಬುದೇ ಪರೀಕ್ಷೆ. ನಗೆ, ಚೇಷ್ಟೆ, ಹಾಡುಗಳಲ್ಲಿ ಬದುಕಿದವನಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಹಣವಂತನ ಹಿಂದೆ ಹೊಲಮನೆ ಉಳಿಯುತ್ತವೆ, ಹಾಡಿನವನ ಹಿಂದೆ ಹಾಡಲ್ಲದೆ ಬೇರೇನೂ ಉಳಿಯದು.

ಐನಾಪುರದವರು ಆಸ್ಪತ್ರೆಗೆ, ಪೇಟೆಗೆ ಹೋಗಿಬರುವ ಮಿರಜ್‌ನಲ್ಲೇ ಇದಕ್ಕೆ ಸಾಕ್ಷಿ ಇದೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಹುಟ್ಟಿದ್ದು 1872ರಲ್ಲಿ, ಉತ್ತರದ ಕೈರಾನಾದಲ್ಲಿ. ನೆಲೆ ನಿಂತದ್ದು ಮಿರಜ್‌ನಲ್ಲಿ. ತಂಬೂರಿ, ವೀಣೆಗಳನ್ನು ಸ್ವತಃ ಬಿಚ್ಚಿ ರಿಪೇರಿ ಮಾಡುವ ಹುಚ್ಚು ಅವರಿಗಿತ್ತು. ನಾಯಿಗೂ ಸ್ವರ ಹಿಡಿಯಲು ಕಲಿಸಿದರೆಂಬ ಸಂಗತಿಯನ್ನು ಸಂಗೀತ ಬಲ್ಲವರು ಈಗಲೂ ನಕ್ಕು ಹೇಳುತ್ತಾರೆ. 1937ರ ಅಕ್ಟೋಬರ್ 27ರಂದು ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಮೈ ಸರಿಯಿಲ್ಲವೆನಿಸಿ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು, ಅಲ್ಲಿಯೇ ತೀರಿಕೊಂಡರು. ಕೊನೆಗಳಿಗೆಯಲ್ಲೂ ಹಾಡಿದರೆಂದು ಹೇಳುವವರು ಅದನ್ನೇ ಅವರ ದೊಡ್ಡಗುಣವೆಂದು ಕೊಂಡಾಡುತ್ತಾರೆ. ಆದರೆ ಅದಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ದೇಹವನ್ನು ಮಿರಜ್‌ಗೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಅಲ್ಲಿ ಉರುಸಿನಲ್ಲಿ ಅವರ ನೆನಪಿಗೆ ಕಲಾವಿದರು ಕೂಡಿ ಹಾಡುವ ಪರಂಪರೆ ಬೆಳೆಯಿತು. ಅಳುವುದಕ್ಕೆ ಯಾರೂ ಅಲ್ಲಿಗೆ ಹೋಗುವುದಿಲ್ಲ.

ಅವರ ಶಿಷ್ಯ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡಾಗಲೂ ಹೀಗೆಯೇ ಆಯಿತು. ಸ್ವಂತ ಊರು ಕುಂದಗೋಳದಲ್ಲಿ, ನಾಡಿಗೇರ ವಾಡೆಯಲ್ಲಿ ಅವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತ ಬಂತು. ಪುಣೆಯಲ್ಲಿ 1953ರಿಂದ ಉತ್ಸವ ಕಟ್ಟಿ ಬೆಳೆಸಿದವರು ಭೀಮಸೇನ ಜೋಶಿ. ವೇಗವಾಗಿ ಕಾರು ಓಡಿಸುವ ಮೋಜಿದ್ದ ಆ ಗದಗಿನ ಗಾಯಕ 2011ರ ಜನವರಿ 24ರಂದು ಹೋದ ಮೇಲೆ ಗುರುವಿನ ಹೆಸರಿನ ಉತ್ಸವಕ್ಕೆ ಶಿಷ್ಯನ ಹೆಸರೂ ಸೇರಿತು. ಮೂರು ತಲೆಮಾರುಗಳ ಮೂರು ಮರಣಗಳಲ್ಲಿ ಹಾಡು ಒಮ್ಮೆಯೂ ನಿಲ್ಲಲಿಲ್ಲ.

ಹಳ್ಳಿಯ ಹಾಡುಗಾರನಿಗೆ ಉತ್ಸವ ಬೇಕಿಲ್ಲ. ಶವವನ್ನು ಕೂಡ್ರಿಸಿ, ವಿಮಾನ ಕಟ್ಟಿ, ಪೇಟಿ, ತಾಳ, ದಮ್ಮಡಿಗಳೊಂದಿಗೆ ಶರೀಫರ, ಕಡಕೋಳ ಮಡಿವಾಳಪ್ಪನವರ ಪದಗಳನ್ನು ಬೆಳತನಕ ಹಾಡುವ ಪದ್ಧತಿ ಈ ಭಾಗದಲ್ಲಿ ಮೊದಲಿನಿಂದ ಇದೆ. ಸಾವಿನ ಮನೆಯಲ್ಲಿ ಹಾಡು ತಪ್ಪೆಂದು ಹಿರಿಯರು ಎಂದೂ ಎಣಿಸಲಿಲ್ಲ. ಈಗ ಎಷ್ಟೋ ಕಡೆ ಮೊಬೈಲಿನ ಪದವನ್ನು ಸ್ಪೀಕರಿಗೆ ಹಚ್ಚಿ ಭಜನಿ ಮೇಳವನ್ನು ಬಿಟ್ಟುಬಿಡುತ್ತಾರೆ. ಇದು ದೊಡ್ಡ ನಷ್ಟ. ಎಳೆಯ ಹುಡುಗರು ತಾಳ ಹಿಡಿಯಲು, ಸೊಲ್ಲು ಎತ್ತಲು ಕಲಿಯುತ್ತಿದ್ದದ್ದೇ ಇಂಥ ರಾತ್ರಿಗಳಲ್ಲಿ.

ಹಾಡುಪ್ರಿಯನ ಮನೆಯವರು ವರ್ಷದ ಪುಣ್ಯತಿಥಿಗೆ ಊಟದ ಜೊತೆ ಒಂದು ರಾತ್ರಿಯ ಭಜನೆಯನ್ನೂ ಇಡಿಸಬೇಕು; ಅವನು ಹೇಳಿ ನಗಿಸುತ್ತಿದ್ದ ಮಾತುಗಳನ್ನು ಅಲ್ಲಿ ಹೇಳಿ ನಗಬೇಕು. ಅವನ ಪೇಟಿಯನ್ನು ಅಟ್ಟಕ್ಕೆ ಹಾಕಬಾರದು. ನುಡಿಸದ ಪೇಟಿಯ ತಿದಿಯನ್ನು ಇಲಿ ಕಡಿಯುತ್ತದೆ, ಸ್ವರಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಓಣಿಯಲ್ಲಿ ಕಲಿಯುವ ಆಸೆಯಿರುವ ಹುಡುಗಿಯೋ ಹುಡುಗನೋ ಇದ್ದರೆ, ದುರಸ್ತಿ ಮಾಡಿಸಿ ಅವರ ಕೈಗೆ ಕೊಡಬೇಕು.